ತಂಗಿಯ ಕಾರಿನ ಗಾಳಿ

ನನ್ನ ಸೋದರಮಾವನ ಟೈರ್ ಅಂಗಡಿಗೆ ಹೋದಿರೋ, ನಿಮ್ಮ ಗ್ರಹಚಾರ ಕೆಟ್ಟಿತೆಂದೇ ತಿಳಿಯಿರಿ. ನಾಲ್ಕೂ ಚಕ್ರಕ್ಕೆ ಮೀಟರ್ ಇಟ್ಟು, ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ನೋಡಿ, ಕೊನೆಗೊಂದು ಭಾಷಣ ಬಿಗಿಯದೆ ಬಿಡುವುದಿಲ್ಲ. ಬೇಸತ್ತ ಜನ 'ಗಾಳಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಮೊದಲು ಅವನು ಹೀಗಿರಲಿಲ್ಲ.

ನನ್ನ ಅಮ್ಮ ಊರಿನವರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಮನೆಯಲ್ಲಿ ಸದಾ ಸಿಡಿಮಿಡಿ ಎನ್ನುವವಳು ಸ್ಟೇರಿಂಗ್ ಹಿಡಿದರೆ ಸಾಕು, ಹಾಡು ಗುನುಗುತ್ತಿದ್ದಳು.

ಅಜ್ಜಿಗೆ ಸೊಂಟದ ಆಪರೇಶನ್ ಆಗಿತ್ತು. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತರುವ ದಿನ ಅಮ್ಮ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು.

"ಅಣ್ಣಾ, ಗುಂಡಿ ಸಿಕ್ಕಲ್ಲೆಲ್ಲ ಎತ್ತಿ ಕುಕ್ಕುತ್ತೆ ಈ ಗಾಡಿ. ಅಮ್ಮನ ಜೀವ ಹೋಗ್ಬಿಡುತ್ತೆ, ಏನಾದ್ರೂ ಮಾಡೋ."

"ಅಷ್ಟೇ ತಾನೆ?" ಮಾವ ನಾಲ್ಕೂ ಟೈರಿನ ಗಾಳಿ ಇಳಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿದ. "ಹಾಸಿಗೆ ಮೇಲೆ ಮಲಗಿಸ್ಕೊಂಡು ಹೋದ ಹಾಗಿರುತ್ತೆ, ಹೋಗು."

ಹಾಗೇ ಇತ್ತು ಕೂಡ. ಅಜ್ಜಿ ದಾರಿಯುದ್ದಕ್ಕೂ ಮಗನನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಗಾಳಿ ಕಡಿಮೆಯಾದ ಟೈರು ವೇಗ ಹೆಚ್ಚಿದಂತೆ ಬದಿಯಲ್ಲಿ ಮಡಚಿ ಮಡಚಿ ಕಾಯುತ್ತದೆ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ಮಾವನಿಗೆ ಇದು ಗೊತ್ತಿರಲಿಲ್ಲವೇ? ಅಯ್ಯೋ, ಚೆನ್ನಾಗಿ ಗೊತ್ತಿತ್ತು! ಸಂಜೆ ತಂಗಿಯ ಮನೆಗೆ ಹೋಗಿ ತಾನೇ ತುಂಬಿಸಿದರಾಯಿತು ಎಂದುಕೊಂಡು ಅಮ್ಮನಿಗೆ ಏನೂ ಹೇಳಲಿಲ್ಲ. ಸಂಜೆ ಅಂಗಡಿಗೆ ಲಾರಿಯೊಂದು ಬಂತು. ಮರೆತೇಬಿಟ್ಟ.

ಮರುದಿನ ಬೆಳಿಗ್ಗೆ ಸ್ಟೇರಿಂಗ್ ಯಾಕೋ ಭಾರ ಅನ್ನಿಸಿತಂತೆ ಅಮ್ಮನಿಗೆ. ಅಣ್ಣ ಕೈಯಿಟ್ಟ ಗಾಡಿ, ಸರಿಯಾಗೇ ಇರುತ್ತದೆ ಎಂದು ಹೊರಟಳು. ಹೆದ್ದಾರಿಯಲ್ಲಿ ಬಹಳ ದೂರ ಹೋದ ಮೇಲೆ, ತಿರುವೊಂದರಲ್ಲಿ, ಮುಂದಿನ ಟೈರು ಸಿಡಿದು ಕಾರು ಸೇತುವೆಯ ಗೋಡೆಗೆ ಬಡಿಯಿತು. ಪುಣ್ಯಕ್ಕೆ ಜೊತೆಯಲ್ಲಿ ಯಾರೂ ಇರಲಿಲ್ಲ. ಅವಳ ಜೀವ ಉಳಿಯಿತು. ಬಲಗಾಲಿಗೆ ಮಾತ್ರ ಬ್ರೇಕ್ ಒತ್ತುವ ಶಕ್ತಿ ಮತ್ತೆ ಬರಲೇ ಇಲ್ಲ.

"ನಾನೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ, ಒಂದೇ ಒಂದು ಮಾತು!" ಎಂದು ಮಾವ ಆಸ್ಪತ್ರೆಯಲ್ಲಿ ಹಣೆ ಚಚ್ಚಿಕೊಂಡ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಈಗಲೂ ಒಮ್ಮೊಮ್ಮೆ ಉರಿಯುತ್ತದೆ. ಆದರೆ ಬೈಯುವುದಾದರೂ ಏನೆಂದು? ಅಕ್ಕರೆಯಿಂದ ಮಾಡಿದ್ದು, ಹಾಳಾದ್ದು.

ಈಗ ಕಾರು ಓಡಿಸುವವಳು ನಾನು. ಮೊನ್ನೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದೆ. ಮಾವ ಕೀ ಇಸಿದುಕೊಂಡು ಡಿಕ್ಕಿ ತೆಗೆದ, ಎಲ್ಲವನ್ನೂ ಎರಡೆರಡು ಸಲ ನೋಡಿದ.

"ಸಾಕು ಬಿಡೋ ಅಣ್ಣಾ, ಟೈರಿಗೂ ನಾಚಿಕೆಯಾಗುತ್ತೆ," ಎಂದು ಅಮ್ಮ ನಕ್ಕಳು.

ಮಾವನೂ ನಕ್ಕು, ಹಳೆಯ ಅಭ್ಯಾಸದಂತೆ ಕೀಯನ್ನು ಅವಳತ್ತ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಅಮ್ಮ ಅದನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ನನ್ನ ಕೈಗಿಟ್ಟು, "ನಡಿ," ಎಂದಳು.

ಮಾವ ಮತ್ತೆ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಮೀಟರ್ ಇಟ್ಟ.