ಎಣಿಸಿದ ರೊಟ್ಟಿ ಮೈಗೆ ಹತ್ತುವುದಿಲ್ಲ

ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಾನೂ ಒಮ್ಮೆ ನಿಂತಿದ್ದೇನೆ. ಕದ್ದೇನೂ ನಿಲ್ಲಲಿಲ್ಲ, ಅದು ನನಗೆ ಅನ್ನ ಕೊಡುವ ಜಾಗ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಂದರಲ್ಲಿ ಕೂತು, ಬಂದ ಲಾರಿಗಳನ್ನು ತೂಗಿ ಚೀಟಿ ಹರಿದುಕೊಡುವುದು ನನ್ನ ಉದ್ಯೋಗ. ಆವತ್ತು ಲಾರಿಗಳಿರಲಿಲ್ಲ, ಮಧ್ಯಾಹ್ನದ ಬಿಸಿಲಿತ್ತು, ತಲೆ ಖಾಲಿಯಿತ್ತು. ಹೋಗಿ ನಿಂತೆ. ಕೆಂಪು ಅಂಕಿಗಳ ಬೋರ್ಡು ತೊಂಬತ್ತು ಎಂದಿತು. ಎದುರಿನ ತಳ್ಳುಗಾಡಿಗೆ ಹೋಗಿ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದು ಬಂದು ಮತ್ತೆ ನಿಂತೆ. ಆಗಲೂ ತೊಂಬತ್ತೇ. ಹತ್ತು ಕೆಜಿಗಿಂತ ಕಡಿಮೆಯ ಏರಿಳಿತ ನಮ್ಮ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಲಾರಿಗಟ್ಟಲೆ ಭತ್ತ ತೂಗುವವರು ಮಿರ್ಚಿಗೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂಬುದು ಅದರ ಧೋರಣೆ. ಅಂಥ ದೊಡ್ಡ ಮನಸ್ಸಿನ ಯಂತ್ರದ ಸಹವಾಸದಲ್ಲಿ ವರ್ಷಗಟ್ಟಲೆ ಕಳೆದು ನನಗೂ ಅದೇ ಧೋರಣೆ ಬಂದುಬಿಟ್ಟಿತ್ತು.

ಬಳ್ಳಾರಿಯಲ್ಲಿ ನಮ್ಮ ಡಾಕ್ಟರರ ಬಳಿ ಇರುವ ಯಂತ್ರ ಅಷ್ಟು ಉದಾರಿಯಲ್ಲ. ಅದು ತೊಂಬತ್ತೆರಡು ಕಿಲೊ ನಾನೂರು ಗ್ರಾಂ ಎಂದು, ನಾನೂರನ್ನೂ ಬಿಡದೆ ತೋರಿಸಿತು. ಡಾಕ್ಟರು ಸಕ್ಕರೆಯ ರಿಪೋರ್ಟು ನೋಡಿದರು, ನನ್ನ ಹೊಟ್ಟೆ ನೋಡಿದರು, ಮತ್ತೆ ರಿಪೋರ್ಟು ನೋಡಿದರು. ಮೂರು ತಿಂಗಳಲ್ಲಿ ಆರು ಕಿಲೊ ಇಳಿಸಿಕೊಂಡು ಬನ್ನಿ, ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡೋಣ ಎಂದರು. ಚಹಾ ಕುಡಿಯೋಣ ಎಂದಷ್ಟೇ ಸಲೀಸಾಗಿ ಹೇಳಿದರು. ನನಗೋ ಸೂಜಿ ಎಂದರೆ ಜೀವ ಹಾರಿಹೋಗುತ್ತದೆ. ನನ್ನ ಹೆಂಡತಿ ಸುವರ್ಣ ಅಂಗಿಗೆ ಗುಂಡಿ ಹಚ್ಚುವಾಗಲೂ ನಾನು ಏನೋ ನೆಪ ಹೇಳಿ ಪಕ್ಕದ ಕೋಣೆಗೆ ಹೋಗುವವನು. ದಿನಾ ನನ್ನ ಕೈಯಿಂದಲೇ ನನ್ನ ಹೊಟ್ಟೆಗೆ ಚುಚ್ಚಿಕೊಳ್ಳುವುದೆಂದರೆ!

ಅಲ್ಲೇ ಪಾರ್ವತಿನಗರದ ನಮ್ಮ ಮನೆಗೆ ಬಂದವನೇ ಫೋನಿಗೆ ಒಂದು ಆ್ಯಪ್ ಹಾಕಿಸಿಕೊಂಡೆ. ತಿಂದದ್ದನ್ನೆಲ್ಲ ಅದಕ್ಕೆ ಹೇಳಬೇಕು, ಅದು ಕ್ಯಾಲೊರಿ ಹೇಳುತ್ತದೆ, ದಿನದ ಮಿತಿ ದಾಟಿದರೆ ಕೆಂಪಾಗುತ್ತದೆ. ತೂಕದ ಮನುಷ್ಯನಾದ ನನಗೆ ಇದು ಬಹಳ ಹಿಡಿಸಿತು. ಅದರಿಂದ ಒಂದು ಜ್ಞಾನೋದಯವೂ ಆಯಿತು. ನಮ್ಮ ವೇಬ್ರಿಡ್ಜಿಗೆ ಭತ್ತದ ಹೊಟ್ಟು ತುಂಬಿದ ಲಾರಿ ಬಂದರೆ ಬೆಟ್ಟವೇ ಬಂದಂತೆ ಕಾಣುತ್ತದೆ, ತೂಗಿದರೆ ಏನೂ ಇರುವುದಿಲ್ಲ. ಅದಿರಿನ ಲಾರಿಯಲ್ಲಿ ತಳಕ್ಕೆ ಎರಡು ಗುಡ್ಡೆ ಕಾಣುತ್ತವೆ, ತೂಗಿದರೆ ಎದೆ ಧಸಕ್ಕೆನ್ನುತ್ತದೆ. ಒಗ್ಗರಣೆ-ಮಿರ್ಚಿಯೂ ಹಾಗೆಯೇ. ತಟ್ಟೆ ತುಂಬಿ ತುಳುಕುವ ಮಂಡಾಳು ಹೊಟ್ಟಿನ ಲಾರಿ. ಅದರ ಪಕ್ಕ ಸಂಭಾವಿತನಂತೆ ಮಲಗಿರುವ ಮಿರ್ಚಿ ಅದಿರು. ನಾನು ಇಷ್ಟು ವರ್ಷ ಮಂಡಾಳನ್ನು ಅರ್ಧ ಬಿಟ್ಟು, ಮಿತಾಹಾರಿ ಎಂದು ಬೀಗಿ, ಮಿರ್ಚಿಯನ್ನು ಪೂರಾ ತಿನ್ನುತ್ತಿದ್ದೆ.

ಲೆಕ್ಕ ಸರಿಯಿರಬೇಕಲ್ಲ, ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ಬಂತು. ಆದರೆ ಎಣ್ಣೆಯನ್ನು ತೂಗುವುದು ಹೇಗೆ? ಸುವರ್ಣ ಒಗ್ಗರಣೆಗೆ ಎಣ್ಣೆ ಹಾಕುವುದು ಚಮಚದಿಂದಲ್ಲ, ಮನಸ್ಸಿನಿಂದ. ನನಗೆ ನಮ್ಮ ವೃತ್ತಿಯ ಉಪಾಯ ಹೊಳೆಯಿತು. ತುಂಬಿದ ಲಾರಿ ತೂಗು, ಖಾಲಿ ಮಾಡಿದ ಮೇಲೆ ತೂಗು, ಕಳೆ. ಪಲ್ಯಕ್ಕೆ ಮುಂಚೆ ಎಣ್ಣೆಯ ಬಾಟಲಿ ತೂಗಿದೆ, ಪಲ್ಯ ಆದಮೇಲೆ ತೂಗಿದೆ. ಸುವರ್ಣ ಎರಡು ದಿನ ನೋಡಿದಳು. ಮೂರನೆಯ ದಿನ ಸೌಟನ್ನು ನನ್ನ ಕಡೆ ತಿರುಗಿಸಿ ಹೇಳಿದಳು.

"ನೋಡ್ರಿ, ಇದು ಅಡಿಗಿ ಮನಿ, ಚೆಕ್‌ಪೋಸ್ಟ್ ಅಲ್ಲ. ತಪಾಸಣಿ ಮಾಡೋದಿದ್ರ ಸಿರುಗುಪ್ಪಕ್ಕ ಹೋಗಿ ಮಾಡ್ರಿ."

ಅವಳು ಬೈದರೂ ಎಣ್ಣೆ ತಾನಾಗಿ ಅರ್ಧಕ್ಕಿಳಿಯಿತು. ತೂಗುತ್ತಾರೆಂದು ಗೊತ್ತಾದರೆ ಸಾಕು, ಲೋಡು ತಾನೇ ಕಡಿಮೆಯಾಗುತ್ತದೆ. ಇದನ್ನು ನಾನು ಲಾರಿಗಳಲ್ಲೂ ಕಂಡಿದ್ದೇನೆ. ಇನ್ನು ನನ್ನ ಪ್ರಾಮಾಣಿಕತೆಯ ವಿಷಯ. ಒಂದು ಗಾಲಿಯನ್ನು ಅಂಚಿನಾಚೆ ನಿಲ್ಲಿಸಿ ತೂಕ ತಪ್ಪಿಸುವ ಡ್ರೈವರುಗಳನ್ನು ಹಿಡಿದು ಹಿಡಿದು ನಾನು ಪಳಗಿದವನು. ನನ್ನನ್ನೇ ಹಿಡಿಯುವುದು ಕಷ್ಟವಾಯಿತು. ಉಪ್ಪು ನೋಡಲೆಂದು ತಿಂದದ್ದು ಊಟವಲ್ಲ, ಆದ್ದರಿಂದ ಬರೆಯಲಿಲ್ಲ. ಗುಡಿಯಲ್ಲಿ ಕೊಟ್ಟದ್ದು ಪ್ರಸಾದ, ಅದನ್ನು ಎಣಿಸಿದರೆ ಪಾಪ. ನಿಂತು ತಿಂದ ಶೇಂಗಾ ನೇರವಾಗಿ ಕಾಲಿಗಿಳಿಯುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ಒಂದು ವಾರ ಹೀಗೆ ಗಾಲಿ ಹೊರಗಿಟ್ಟು ನಡೆಸಿದೆ. ಆಮೇಲೆ ಸೂಜಿ ಕಣ್ಣಮುಂದೆ ಬಂದು, ಪ್ರಸಾದದ ಕೊಬ್ಬರಿ ಚೂರನ್ನೂ ಬರೆಯತೊಡಗಿದೆ.

ಹಂಪಿಯಲ್ಲಿ ರಾಜರನ್ನು ತೂಗುತ್ತಿದ್ದರೆಂದು ತೋರಿಸುವ ಕಲ್ಲಿನ ಕಂಬಗಳಿವೆಯಲ್ಲ, ಅವು ನನಗೆ ಆಗಾಗ ನೆನಪಾಗುತ್ತವೆ. ಒಂದು ಕಡೆ ರಾಜ, ಇನ್ನೊಂದು ಕಡೆ ಬಂಗಾರ, ಅದೆಲ್ಲ ದಾನಕ್ಕೆ. ನೋಡಲು ಹೋದವರೆಲ್ಲ ರಾಜನ ಔದಾರ್ಯವನ್ನು ಹೊಗಳುತ್ತಾರೆ. ನಾನು ಭಂಡಾರದ ಅಧಿಕಾರಿಯ ಸಂಕಟವನ್ನು ನೆನೆಯುತ್ತೇನೆ. ಪಾಪ, ತುಲಾಭಾರದ ದಿನ ಹತ್ತಿರ ಬಂದಂತೆ ಅರಮನೆಯ ಅಡುಗೆಯವರನ್ನು ಕರೆದು, ಮಹಾಪ್ರಭುಗಳಿಗೆ ಇನ್ನು ಹೋಳಿಗೆ ಬೇಡ, ಗಂಜಿ ಸಾಕು ಎಂದು ಕೈಮುಗಿದಿರಬೇಕು. ದಾನ ಪಡೆಯುವವರು ಅತ್ತ ಕಡೆಯಿಂದ ತುಪ್ಪ ಕಳಿಸಿರಬೇಕು. ನಾನೂ ಈಗ ಅಂಥದೇ ಎಳೆದಾಟದ ನಡುವೆ ಕೂತಿದ್ದೆ. ನನ್ನ ಪಾಲಿನ ತುಪ್ಪ ಕುರುಗೋಡಿನಿಂದ ಬರುತ್ತಿತ್ತು.

ಕುರುಗೋಡಿನಲ್ಲಿ ನನ್ನ ಅಕ್ಕ ಗಂಗಮ್ಮ ಇದ್ದಾಳೆ. ಭಾವನದು ಒಕ್ಕಲುತನ, ಮಗ-ಸೊಸೆಯದು ಅಂಗಡಿ, ಮೊಮ್ಮಕ್ಕಳು ಬೇರೆ, ತುಂಬಿದ ಮನೆ. ಪ್ರತಿ ಭಾನುವಾರ ನಾನು ಬಸ್ಸು ಹತ್ತಿ ಅಲ್ಲಿಗೆ ಊಟಕ್ಕೆ ಹೋಗಬೇಕು. ತವರು ಎಂದು ಅವಳಿಗೆ ಉಳಿದಿರುವುದು ನಾನೊಬ್ಬನೇ, ತಪ್ಪಿಸುವಂತಿಲ್ಲ. ಸೋಮವಾರದಿಂದ ಶನಿವಾರದವರೆಗೆ ನನ್ನ ತೂಕ ಸಭ್ಯವಾಗಿ ಇಳಿಯುತ್ತಿತ್ತು, ಸೋಮವಾರ ಬೆಳಿಗ್ಗೆ ಮತ್ತೆ ಮೇಲೆ ಹತ್ತಿ ಕೂತಿರುತ್ತಿತ್ತು. ಒಂದು ತಿಂಗಳಾದರೂ ಒಂದು ಕಿಲೊ ಇಳಿಯಲಿಲ್ಲ. ಸೋರಿಕೆ ಎಲ್ಲಿ ಎಂದು ತಿಳಿಯಲು ದೊಡ್ಡ ಪತ್ತೇದಾರಿ ಬೇಕಿರಲಿಲ್ಲ.

ಅಕ್ಕನ ಮನೆಯ ಜೋಳದ ರೊಟ್ಟಿಯನ್ನು ಎಣಿಸಲಾಗುವುದಿಲ್ಲ. ಯಾಕೆಂದರೆ ಅವಳು ಇಡೀ ರೊಟ್ಟಿಯನ್ನು ಬಡಿಸುವುದೇ ಇಲ್ಲ. ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಮುರಿದು ಅರ್ಧ ಹಾಕುತ್ತಾಳೆ. ಸಾಕು ಎಂದರೆ, ಅರ್ಧ ಐತಲ್ಲೋ ಎನ್ನುತ್ತಾಳೆ. ಅದು ಮುಗಿಯುವುದರೊಳಗೆ ಇನ್ನರ್ಧ. ಎಣ್ಣೆಗಾಯಿ ಉಳಿಯಿತೆಂದು ಒಂದರ್ಧ, ರೊಟ್ಟಿ ಉಳಿಯಿತೆಂದು ಸ್ವಲ್ಪ ಎಣ್ಣೆಗಾಯಿ, ಮೊಸರಿಗೆಂದು ಕೊನೆಯ ಅರ್ಧ. ಅರ್ಧ ಎನ್ನುವುದು ಅವಳ ಗಣಿತದಲ್ಲಿ ಸೊನ್ನೆಯ ಇನ್ನೊಂದು ಹೆಸರು. ಒಂದು ಭಾನುವಾರ ಧೈರ್ಯ ಮಾಡಿ, ಅಕ್ಕಾ, ನಾನು ಎಷ್ಟು ತಿಂದೆ ಎಂದು ಕೇಳಿಯೇಬಿಟ್ಟೆ. ಅವಳ ಮುಖ ಸಣ್ಣದಾಯಿತು.

"ಉಣ್ಣೋರ ರೊಟ್ಟಿ ಎಣಿಸಬಾರ್ದಪ್ಪ. ಎಣಿಸಿದ್ರ ಉಂಡಿದ್ದು ಮೈಗೆ ಹತ್ತಂಗಿಲ್ಲ."

ನನ್ನ ಆ್ಯಪಿನ ಇಡೀ ಸಿದ್ಧಾಂತ ಇದೇ ಅಲ್ಲವೇ? ಮೈಗೆ ಹತ್ತಬಾರದು ಅಂತಲೇ ನಾನು ಎಣಿಸುತ್ತಿರುವುದು. ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಅವರಿಗೆ ಮೈಗೆ ಹತ್ತುವುದು ಬೇಕಿತ್ತು, ನನಗೆ ಬೇಡವಾಗಿದೆ, ಅಷ್ಟೇ ವ್ಯತ್ಯಾಸ. ಮರುದಿನ ವೇಬ್ರಿಡ್ಜಿಗೆ ಬಂದ ಲಾರಿ ಡ್ರೈವರ್ ಖಾಜಾಸಾಬನಿಗೆ ಹೇಳಿದರೆ ಅವನೂ ಅಕ್ಕನ ಕಡೆಯೇ ನಿಂತ. ಅವರ ಮನೆಯಲ್ಲೂ ರೊಟ್ಟಿ ಎಣಿಸಿದರೆ ಬರ್ಕತ್, ಅಂದರೆ ಮನೆಯ ಸಮೃದ್ಧಿ, ಹೋಗುತ್ತದಂತೆ.

ಎಣಿಸಬಾರದು, ಸರಿ. ತೂಗಬಾರದೆಂದು ಯಾರೂ ಹೇಳಿಲ್ಲವಲ್ಲ! ಮುಂದಿನ ಭಾನುವಾರ ಮನೆಯಲ್ಲಿ ದಿನಾ ಮೇಲೆ ನಿಂತು ನೋಡುವ ತೂಕದ ಯಂತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಕುರುಗೋಡಿಗೆ ಹೋದೆ. ಖಾಲಿ ಲಾರಿ, ತುಂಬಿದ ಲಾರಿ, ಕಳೆದರೆ ಮಾಲು. ಊಟಕ್ಕೆ ಮುಂಚೆ ಹಿತ್ತಲಲ್ಲಿ ನಿಂತು ನೋಡಿಕೊಂಡೆ. ಊಟವಾದ ಮೇಲೆ ಕೈತೊಳೆಯುವ ನೆಪದಲ್ಲಿ ಮತ್ತೆ ಹೋಗಿ ನಿಂತೆ. ಒಂದು ಕಿಲೊ ಎಂಟುನೂರು ಗ್ರಾಂ ಜಾಸ್ತಿ! ಎದೆ ಧಸಕ್ಕೆಂದಿತು. ಅದರಲ್ಲಿ ಮಜ್ಜಿಗೆ, ನೀರು ಎಷ್ಟು, ರೊಟ್ಟಿ ಎಷ್ಟು ಎಂದು ಬೇರ್ಪಡಿಸುವುದು ಹೇಗೆ ಎಂದು ಯೋಚಿಸುತ್ತ ನಿಂತಿದ್ದೆ. ಹಿಂದಿನಿಂದ ಅಕ್ಕನ ದನಿ ಕೇಳಿತು. ಅದೇನು ಮಣೆಯ ಮೇಲೆ ನಿಂತಿದ್ದೀ, ಕಾಲು ಸುಡುತ್ತೇನು ಎಂದಳು.

ಇನ್ನು ಮುಚ್ಚಿಡುವಂತಿರಲಿಲ್ಲ. ಡಾಕ್ಟರು, ಸಕ್ಕರೆ, ಆರು ಕಿಲೊ, ಸೂಜಿ, ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಅವಳು ಮೊದಲೇ ಯಾಕೆ ಹೇಳಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ವಾತಾವರಣ ತಿಳಿಯಾಗಲೆಂದೋ ಏನೋ, ನಂದೂ ನೋಡು ಎಂದು ಸೆರಗು ಸಿಕ್ಕಿಸಿಕೊಂಡು ಯಂತ್ರದ ಮೇಲೆ ಹತ್ತಿದಳು.

ನಲವತ್ತೊಂದು.

ಯಂತ್ರ ಕೆಟ್ಟಿದೆ ಎಂದೆ. ನಮ್ಮ ವೃತ್ತಿಯಲ್ಲಿ ಅನುಮಾನ ಬಂದರೆ ಗೊತ್ತಿರುವ ತೂಕವನ್ನಿಟ್ಟು ಪರೀಕ್ಷೆ ಮಾಡುತ್ತೇವೆ. ಒಳಗಿನಿಂದ ಹೊಲಿಗೆ ಬಿಚ್ಚದ ಅಕ್ಕಿ ಮೂಟೆ ತಂದು ಇಟ್ಟೆ. ಮೂಟೆಯ ಮೇಲೆ ಬರೆದಷ್ಟೇ ತೋರಿಸಿತು. ಅಕ್ಕನನ್ನು ಮತ್ತೆ ಹತ್ತಿಸಿದೆ. ನಲವತ್ತೊಂದೇ.

ನೀನು ಊಟ ಮಾಡುವುದು ಯಾವಾಗ ಎಂದು ಕೇಳಿದೆ. ಅವಳು ನಕ್ಕಳು.

"ಒಲಿ ಮುಂದ ಕುಂತು ಕುಂತು ಹೊಟ್ಟಿ ತುಂಬಿರ್ತೈತಪ್ಪ. ಎಲ್ಲಾರದೂ ಆದಮ್ಯಾಲೆ ಉಂಡರ ಉಂಡೆ, ಇಲ್ಲಾಂದ್ರ ಚಾ ಕುಡಿತೀನಿ."

ಎಷ್ಟೋ ವರ್ಷಗಳ ಭಾನುವಾರಗಳನ್ನು ನೆನಪು ಮಾಡಿಕೊಂಡೆ. ಅವಳ ಕೈ ನನ್ನ ತಟ್ಟೆಯ ಮೇಲೆ ಬಂದದ್ದು ನೆನಪಾಯಿತು, ಅವಳ ಬಾಯಿಗೆ ಹೋದದ್ದು ಒಮ್ಮೆಯೂ ನೆನಪಾಗಲಿಲ್ಲ. ಕೊಬ್ಬರಿ ಚೂರಿಗೂ ಲೆಕ್ಕ ಇಟ್ಟ ನನಗೆ ನಿಜಕ್ಕೂ ನಾಚಿಕೆಯಾಯಿತು. ಉಣ್ಣುವವರ ರೊಟ್ಟಿ ಎಣಿಸಬಾರದು, ಒಪ್ಪಿದೆ. ಉಣ್ಣದವರ ರೊಟ್ಟಿಯನ್ನು ಯಾರಾದರೂ ಎಣಿಸಬೇಡವೇ? ಆ ವಾರವೇ ಅಕ್ಕನನ್ನು ಬಳ್ಳಾರಿಗೆ ಕರೆತಂದು ಅದೇ ಡಾಕ್ಟರರಿಗೆ ತೋರಿಸಿದೆ. ಬೇರೇನೂ ಇಲ್ಲ, ರಕ್ತ ಕಡಿಮೆ ಎಂದರು. ಮಾತ್ರೆ ಬರೆದುಕೊಟ್ಟು, ಹೊತ್ತಿಗೆ ಸರಿಯಾಗಿ ಕೂತು ಉಣ್ಣಬೇಕಮ್ಮಾ ಎಂದರು.

ಆದರೆ ಅಕ್ಕ ಕೂತರೆ ಬಿಸಿ ರೊಟ್ಟಿ ಮಾಡುವವರು ಯಾರು? ಭಾನುವಾರ ಮಗ-ಸೊಸೆ ಅಂಗಡಿಯಲ್ಲಿರುತ್ತಾರೆ. ಭಾವ ನನ್ನ ಮುಖ ನೋಡಿದರು, ನಾನು ಭಾವನ ಮುಖ ನೋಡಿದೆ. ಕೊನೆಗೆ ಸಕ್ಕರೆ ಇದ್ದವನೇ ಸೋತ. ನಾನು ಹಿಟ್ಟಿಗೆ ಕೈಹಾಕಿದೆ. ಮೊದಲನೆಯದು ಬಡಿಯುವಾಗಲೇ ಸೀಳಿತು, ಎರಡನೆಯದು ಹೆಂಚಿನ ಮೇಲೆ ಎರಡಾಯಿತು, ಮೂರನೆಯದಕ್ಕೆ ಬೆಂಗಳೂರು ಕಡೆಯವರಾದರೆ ಮುದ್ದೆ ಎನ್ನುತ್ತಿದ್ದರು. ಅಕ್ಕ ತಟ್ಟೆಯ ಮುಂದೆ ಕೂತು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು, ಹಾಗೆ ನಗುತ್ತಲೇ ಅಷ್ಟನ್ನೂ ತಿಂದಳು. ಹೆಂಚಿನ ಝಳ, ಹೊಗೆ, ಬೆನ್ನು ನೋವು, ಹಿಟ್ಟಿನ ಕೈ. ಎಲ್ಲರದೂ ಮುಗಿಯುವ ಹೊತ್ತಿಗೆ ನನಗೆ ಒಂದು ಆಶ್ಚರ್ಯ ಕಾದಿತ್ತು. ಹಸಿವೇ ಇರಲಿಲ್ಲ. ಒಂದು ರೊಟ್ಟಿ, ಒಂದು ಲೋಟ ಮಜ್ಜಿಗೆ, ಅಷ್ಟಕ್ಕೇ ಸಾಕೆನಿಸಿತು. ಅಕ್ಕ ಹೇಳಿದ್ದು ಸುಳ್ಳಲ್ಲ, ಒಲೆಯ ಮುಂದೆ ಕೂತವರ ಹೊಟ್ಟೆಯನ್ನು ಒಲೆಯೇ ತುಂಬಿಸಿಬಿಡುತ್ತದೆ.

ಅಲ್ಲಿಂದ ಪ್ರತಿ ಭಾನುವಾರ ಕುರುಗೋಡಿನಲ್ಲಿ ಹೆಂಚು ನನ್ನದು, ತಟ್ಟೆ ಅವಳದು. ಆರು ದಿನ ಆ್ಯಪ್ ನೋಡಿಕೊಂಡಿತು, ಏಳನೆಯ ದಿನ ಹೆಂಚು. ಮೂರು ತಿಂಗಳಾದ ಮೇಲೆ ಡಾಕ್ಟರರ ಜಿಪುಣ ಯಂತ್ರವೂ ಐದೂವರೆ ಕಿಲೊ ಇಳಿದಿದೆ ಎಂದು ಒಪ್ಪಿಕೊಂಡಿತು. ಸಕ್ಕರೆಯೂ ಇಳಿದಿತ್ತು. ಇನ್ನರ್ಧ ಕಿಲೊ ಬಾಕಿ ಇದೆ, ಆದರೂ ಸೂಜಿ ಸದ್ಯಕ್ಕೆ ಬೇಡ ಎಂದ ಡಾಕ್ಟರು ಗುಟ್ಟೇನು ಎಂದು ಕೇಳಿದರು. ಭಾನುವಾರ ಮನೆಯಲ್ಲಿ ನೀವೇ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿ ನೋಡಿ ಸರ್ ಎಂದೆ. ಅವರು ಒಮ್ಮೆ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡು ಮುಂದಿನ ರೋಗಿಯನ್ನು ಕರೆದರು.

ಮೊನ್ನೆ ಭಾನುವಾರ ಊಟಕ್ಕೆ ಮುಂಚೆ ಅಕ್ಕನನ್ನು ತೂಗಿದೆ. ನಲವತ್ತಮೂರೂವರೆ. ಅವಳು ಆ ಅಂಕಿಯನ್ನು ಅನುಮಾನದಿಂದ ನೋಡಿದಳು. ತಟ್ಟೆಯ ಮುಂದೆ ಕೂತಮೇಲೂ ಅದೇ ಯೋಚನೆ.

"ತಮ್ಮಾ, ಹಿಂಗ ಏರಿಕೊಂತ ಹೋದ್ರ ನನಗೂ ಸೂಜಿ ಹಾಕ್ತಾರೇನೋ?"

"ಹಾಕಾಕ ಬಂದ್ರ ಇಬ್ರೂ ಕೂಡಿ ಓಡೋಣಂತ, ಈಗ ಉಣ್ಣು," ಎಂದು ಬಿಸಿ ರೊಟ್ಟಿ ಮುರಿದು ಅರ್ಧ ಹಾಕಿದೆ. ಅವಳು ಸಾಕೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ನಾನು ಬೆರಳ ಸಂದಿಯಿಂದ ಇನ್ನರ್ಧವನ್ನೂ ಜಾರಿಸಿದೆ.