ಸೂಜಿಯ ಕೆಳಗಿನ ನೀರು

ಎಂಬತ್ತರ ದಶಕದ ಶುರುವಿನಲ್ಲಿ ನಾನು ರಾಯಚೂರಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ದೇವದುರ್ಗದಲ್ಲಿ ಕಲ್ಲು ಒಡೆಯುವವರ ಮನೆಯಿಂದ ಬಿ.ಎಸ್ಸಿ. ಮುಗಿಸಿದವಳು ನಾನೊಬ್ಬಳೇ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನಮ್ಮ ಸರ್ ಆಗ ಪಿಎಚ್.ಡಿ. ಮಾಡುತ್ತಿದ್ದರು. ಬೀಕರಿನ ನೀರಿಗೆ ತಾಗದಂತೆ ಮೇಲೆ ಸೂಜಿಯೊಂದನ್ನು ನಿಲ್ಲಿಸಿ, ಇಂಡಕ್ಷನ್ ಕಾಯಿಲಿನಿಂದ ಕಿಡಿ ಹಾರಿಸುತ್ತಿದ್ದರು. ಕಿಡಿ ತಾಗಿದ ನೀರಿನಲ್ಲಿ ಓಜೋನ್, ಪೆರಾಕ್ಸೈಡಿನಂಥವು ಹುಟ್ಟುತ್ತವೆ. ಕೆಲವಂತೂ ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುತ್ತವೆ. ಎಷ್ಟು ಹುಟ್ಟಿದವು ಎಂದು ಅಳೆಯುವುದು ನನ್ನ ಕೆಲಸ. ಕಿಡಿ ನಿಲ್ಲಿಸಿ, ಬೀಕರನ್ನು ನನ್ನ ಮೇಜಿಗೆ ತಂದು ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಅವು ಇದ್ದಷ್ಟೂ ನೀರು ಹಳದಿಯಾಗುತ್ತಿತ್ತು. ಆ ಬಣ್ಣ ಹೋಗುವವರೆಗೆ ಬ್ಯೂರೆಟ್ಟಿನಿಂದ ಹೈಪೋ ದ್ರಾವಣ ಹನಿಸಿ, ಎಷ್ಟು ಹಿಡಿಯಿತೆಂದು ಬರೆದುಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ಲ್ಯಾಬಿಗೆ ಎರಡನೆಯ ಡೆಮಾನ್‌ಸ್ಟ್ರೇಟರ್ ಆಗಿ ಅವಳು ಬಂದಳು. ಮಾನ್ವಿಯ ಬಟ್ಟೆ ವ್ಯಾಪಾರಿಯ ಮಗಳು, ಮನೆಯಲ್ಲಿ ದಖನಿ ಉರ್ದು ಮಾತು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಸರ್ ಅದೇ ಅಳತೆಯನ್ನು ಅವಳಿಗೂ ಕೊಟ್ಟರು. ವಾರದೊಳಗೆ ಅವಳ ಅಂಕಿ ನನ್ನದಕ್ಕಿಂತ ಬಹಳ ಹೆಚ್ಚು ಬಂತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

"ಅಳತಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು ಸರ್, ನನ್ನೆದುರಿಗೇ.

ಅವತ್ತು ಮಧ್ಯಾಹ್ನ ಅವಳ ಜೊತೆ ಊಟಕ್ಕೆ ಕೂರಲಿಲ್ಲ. ತಲೆನೋವು ಎಂದೆ. ಅವಳು ನನಗಾಗಿ ಚಹಾ ತರಿಸಿದಳು, ಅದೂ ನನಗೆ ಚುಚ್ಚಿತು. ಅವಳಿಲ್ಲದಾಗ ಅವಳ ಬ್ಯೂರೆಟ್ಟಿನ ಕೆಳಗೆ ಒಣಕಾಗದ ಇಟ್ಟು, ಸೋರುತ್ತದೆಯೇ ಎಂದು ನೋಡಿದೆ. ಸೋರಲಿಲ್ಲ. ಸೋರಿದ್ದರೆ ಎಷ್ಟು ಖುಷಿಪಡುತ್ತಿದ್ದೆ ಎಂಬುದು ಈಗಲೂ ನೆನಪಿದೆ.

ಒಂದು ಶನಿವಾರ ಅವಳು ಮಾನ್ವಿ ಬಸ್ಸಿಗೆ ಬೇಗ ಹೊರಟಳು. ಅವಳ ನೋಟ್‌ಬುಕ್ ತೆಗೆದು ಓದಿದೆ. ಕಿಡಿ ಹಾರಿಸುವ ಮೊದಲೇ ಅವಳು ನೀರಿಗೆ ಅಯೋಡೈಡ್ ಹಾಕುತ್ತಿದ್ದಳು. ಸಿಕ್ಕಿಬಿದ್ದಳು ಅಂದುಕೊಂಡು ನೋಟ್‌ಬುಕ್ ಹಿಡಿದೇ ಸರ್ ಕೋಣೆಗೆ ಹೋದೆ.

"ಸರ್, ಆಕಿ ಮೋಸ ಮಾಡಾಕತ್ತಾಳ. ಮೊದ್ಲೇ ಔಷಧ ಹಾಕಿ ಇಡ್ತಾಳ."

ಸರ್ ಪುಟ ನೋಡಿ ಕನ್ನಡಕ ತೆಗೆದರು. "ಮೋಸ ಏನದ ಇದ್ರಾಗ? ಹುಟ್ಟಿದ ಕೂಡ್ಲೇ ಹೋಗಿಬಿಡೋದನ್ನ ಹಿಡೀಬೇಕಂದ್ರ, ಹಿಡಿಯೋದು ಮೊದ್ಲೇ ಅಲ್ಲಿ ಇರಬೇಕಲ್ಲ. ನೀವು ಬೀಕರ್ ತರೋತನಕ ಅವು ಕಾಯ್ತಾವೇನು?"

ನೋಟ್‌ಬುಕ್ ತೆಗೆದುಕೊಂಡು ಹೋಗಿ ಅವಳ ಮೇಜಿನ ಮೇಲೆ ಮೊದಲಿದ್ದಲ್ಲೇ ಇಟ್ಟೆ. ಎರಡು ವರ್ಷ ಕೈ ನಡುಗದಂತೆ ಅಳೆದದ್ದು ಬರೀ ಉಳಿದದ್ದನ್ನು.

ಸೋಮವಾರ ಅವಳು ನೇರ ನನ್ನ ಮೇಜಿಗೆ ಬಂದಳು. ನಾನು ದೂರು ಕೊಟ್ಟದ್ದನ್ನು ಸರ್ ಹೇಳಿಬಿಟ್ಟಿದ್ದರು.

"ಅಕ್ಕಾ, ಕೇಳಿದ್ರ ನಾನೇ ತೋರಿಸ್ತಿದ್ನಲ್ರಿ."

ನಾನು ಫ್ಲಾಸ್ಕ್ ತೊಳೆಯುತ್ತಲೇ ಇದ್ದೆ.

"ಮತ್ತೊಂದು ಮಾತದ" ಎಂದು ಸ್ಟೂಲ್ ಎಳೆದುಕೊಂಡು ಕೂತಳು. "ನನ್ನ ಲೆಕ್ಕದಾಗ ಎಲ್ಲಾ ಕೂಡಿ ಬರ್ತದ. ನಿಮ್ಮದ್ರಾಗ ಬಾಳ ಹೊತ್ತು ಉಳಿಯೋವು ಅಷ್ಟೇ ಬರ್ತಾವ. ನನ್ನದ್ರಾಗ ನಿಮ್ಮದು ಕಳೆದ್ರ ಲಗೂನ ಹೋಗೋವು ಎಷ್ಟಂತ ಒಂದು ಅಂದಾಜು ಸಿಗ್ತದಲ್ರಿ. ನಿಮ್ಮ ಎರಡು ವರ್ಷದ ಪುಸ್ತಕ ಕೊಡ್ತೀರೇನು?"

ಕೊಟ್ಟೆ. ಮೆಚ್ಚಿ ಕೊಡಲಿಲ್ಲ. ಆ ಕಳೆಯುವ ಲೆಕ್ಕ ನನಗೆ ಯಾಕೆ ಹೊಳೆಯಲಿಲ್ಲ ಎಂದು ಉರಿಯುತ್ತಲೇ ಕೊಟ್ಟೆ. ಇಬ್ಬರೂ ಒಂದೇ ಮೇಜಿನಲ್ಲಿ ಎರಡು ತಿಂಗಳು ಮತ್ತೆ ಅಳೆದೆವು, ಒಂದು ಬೀಕರ್ ಅವಳ ರೀತಿ, ಒಂದು ನನ್ನ ರೀತಿ. ಲೆಕ್ಕ ಕೂಡಿಬಂತು. ಸರ್ ಹೈದರಾಬಾದಿನ ಸಮ್ಮೇಳನವೊಂದರಲ್ಲಿ ಓದಿದ ಪ್ರಬಂಧದಲ್ಲಿ ಇಬ್ಬರ ಹೆಸರೂ ಇತ್ತು, ಅವಳದು ಮೊದಲು. ಅಚ್ಚಾದ ಹಾಳೆ ಬಂದಾಗ ನಾನು ನೋಡಿದ್ದು ಅದನ್ನೇ.

ಮುಂದಿನ ವರ್ಷ ಅವಳು ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ಅತ್ತಳು. ನನಗೆ ಅಳು ಬರಲಿಲ್ಲ. ಮೇಜು ಮತ್ತೆ ನನ್ನೊಬ್ಬಳದೇ ಆಯಿತೆಂಬ ಸಮಾಧಾನದಲ್ಲಿ ಲ್ಯಾಬಿಗೆ ನಡೆದೆ. ಅವಳು ಬರೆದ ಎರಡು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ಮೂರನೆಯದು ಬರಲಿಲ್ಲ.