ಲ್ಯಾಬಿನ ಕಿಟಕಿಯವರು

ಹಾಸನದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ವಯಸ್ಸಾದ ಟೆಕ್ನಿಷಿಯನ್ ಒಬ್ಬರಿದ್ದರು. ಕಿಟಕಿಯಲ್ಲಿ ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಇನ್ನೊಂದ್ ದಿನ ಕಾಯಣ ಸಾ," ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹುಟ್ಟಿದ ಮರುದಿನವೇ ನನ್ನ ಮಗಳು ಹಾಲು ಕುಡಿಯುವುದನ್ನು ಬಿಟ್ಟು ನರಳತೊಡಗಿದ್ದಳು. ರಕ್ತಕ್ಕೆ ಸ್ಟ್ರೆಪ್ಟೊಕಾಕಸ್ ಸೇರಿದೆ ಎಂದರು ಡಾಕ್ಟರು. ಆ ಕ್ರಿಮಿಯನ್ನು ಬೆಳೆಸಿದ ಪುಟ್ಟ ಕೆಂಪು ತಟ್ಟೆಯನ್ನು ಕಿಟಕಿಯವರು ಟ್ಯೂಬ್‌ಲೈಟಿಗೆ ಹಿಡಿದು ನನಗೆ ತೋರಿಸಿದ್ದರು. ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಒಂದೊಂದರ ಸುತ್ತಲೂ ಕೆಂಪು ಕರಗಿ ತಿಳಿಯಾದ ಉಂಗುರ.

ಇಂಜೆಕ್ಷನ್ ಶುರುವಾದ ಮೇಲೆ, ಕ್ರಿಮಿ ಇನ್ನೂ ಉಳಿದಿದೆಯೇ ಎಂದು ಬೆಳೆಸಿ ನೋಡಲು ಮತ್ತೆ ರಕ್ತ ತೆಗೆದರು. ಕಿಟಕಿಯಲ್ಲಿ ಮತ್ತೆ ಅದೇ, "ಇನ್ನೊಂದ್ ದಿನ."

ಮೂರನೆಯ ಬೆಳಿಗ್ಗೆ ನಾನು ಹೋಗಲೇ ಇಲ್ಲ, ಧೈರ್ಯ ಸಾಲಲಿಲ್ಲ. ಅವರೇ ಮುಚ್ಚಳ ಬಿಗಿದ ತಟ್ಟೆ ಹಿಡಿದು ವಾರ್ಡಿನ ಬಾಗಿಲಿಗೆ ಬಂದರು. ಅರಕಲಗೂಡಿನಿಂದ ಬಂದಿದ್ದ ನಮ್ಮವ್ವ ಅದನ್ನು ಬಗ್ಗಿ ಬಗ್ಗಿ ನೋಡಿದಳು.

"ಇದ್ರಾಗೆ ಏನೂ ಕಾಣಾಕಿಲ್ವಲ್ಲಪ್ಪಾ?"

ಈ ಸಲ ಅವರ ಕನ್ನಡಕ ಹಣೆಗೇರಲಿಲ್ಲ.

"ಅದ್ನೇ ತೋರ್ಸಾಕ್ ಬಂದೆ ಕಣವ್ವಾ," ಎಂದರು.